ಶಿವಪುತ್ರಪ್ಪನ ಟಪರಿ ಇದ್ದ ಜಾಗ

ನಮ್ಮ ಪುಣೆಯಲ್ಲಿ ಸತ್ತ ದೊಡ್ಡವರಿಗೆಲ್ಲ ಒಂದೊಂದು ಚೌಕ ಸಿಗುತ್ತದೆ. ಮೂರು ದಾರಿ ಕೂಡಿದಲ್ಲಿ ಒಂದು ಫಲಕ, ಅದರ ಮೇಲೆ ಹೆಸರಿಗಿಂತ ಮೊದಲು ‘ಕೈ.’ ಎಂಬ ಅಕ್ಷರ. ಕೈಲಾಸವಾಸಿ ಎಂದು ಅರ್ಥ. ಈಗ ನಮ್ಮ ಬಿಬವೇವಾಡಿಯ ಶಾಲೆ ರಸ್ತೆಯವರೂ ಸೈಕಲ್ ರಿಪೇರಿಯ ಶಿವಪುತ್ರಪ್ಪಣ್ಣನ ಹೆಸರಿನಲ್ಲಿ ಒಂದು ಫಲಕ ನಿಲ್ಲಿಸಬೇಕು, ಅದರ ಕೆಳಗೆ ಕಟ್ಟೆ ಕಟ್ಟಿ ಸಿಮೆಂಟಿನ ಸೈಕಲ್ಲೊಂದನ್ನು ಕೂರಿಸಬೇಕು ಎಂದು ಹೊರಟರು. ಎಲ್ಲಿ? ಅವನ ಟಪರಿ, ಅಂದರೆ ತಗಡಿನ ಅಂಗಡಿ, ಇದ್ದ ಜಾಗದಲ್ಲೇ. ನಾನು ಬೇಡ ಅಂದೆ. ಅಂದದ್ದೇ ತಡ, ಅರ್ಧ ಓಣಿ ನನ್ನ ಜೊತೆ ಮಾತು ಬಿಟ್ಟಿತು. ಬಿಡಲಿ, ಹಿಟ್ಟು ಬೀಸಿಸಲು ನನ್ನ ಗಿರಣಿಗೇ ಬರಬೇಕಲ್ಲ! ಆದರೆ ಅವನ ಹೆಂಡತಿ ಭೀಮವ್ವ ವೈನಿಯೂ ಮುಖ ತಿರುಗಿಸಿದಳು. ಅದೊಂದನ್ನು ಮಾತ್ರ ತಡೆದುಕೊಳ್ಳಲು ಆಗಲಿಲ್ಲ.

ನನ್ನ ಹೆಸರು ರುದ್ರವ್ವ. ಬಾಯಿ ಜೋರು ಎಂದು ಎಲ್ಲರಿಗೂ ಗೊತ್ತು, ಮುಚ್ಚಿಡುವುದೇನಿದೆ? ದಿನವಿಡೀ ಗಿರಣಿಯ ಸದ್ದಿನ ಮೇಲೆ ಮಾತಾಡಿದವಳಿಗೆ ಮೆಲ್ಲನೆ ಮಾತಾಡಲು ಬರುವುದಿಲ್ಲ. ಅಕ್ಕಲಕೋಟೆಯಿಂದ ಮದುವೆಯಾಗಿ ಇಲ್ಲಿಗೆ ಬಂದಾಗ ನನಗೆ ಮರಾಠಿ ಬರುತ್ತಿತ್ತು, ಆದರೆ ಪುಣೆಯ ಮರಾಠಿ ಬರುತ್ತಿರಲಿಲ್ಲ. ಇಲ್ಲಿಯವರು ಒಂದು ಮಾತು ಆಡಿ ಸುಮ್ಮನೆ ನೋಡುತ್ತಾರೆ. ನಾವೇ ತಪ್ಪು ಮಾಡಿದೆವೇನೋ ಅನ್ನಿಸುತ್ತದೆ. ಅಂಥ ಊರಿನಲ್ಲಿ ಗಿರಣಿಯ ಪಕ್ಕದ ತಗಡಿನ ಡಬ್ಬಿ ಅಂಗಡಿಯೊಳಗಿಂದ ಮೊದಲ ದಿನವೇ ಕನ್ನಡ ಕೇಳಿಸಿತು.

“ಹೊಸಾ ಮದಿಮಗಳು ಬಂದಾಳಂತ. ತಂಗೀ, ಚಹಾ ಕುಡಿತೀಯೇನ?”

ಅವನೇ ಶಿವಪುತ್ರಪ್ಪಣ್ಣ. ಇಂಡಿ ಕಡೆಯವನು. ಹುಡುಗನಾಗಿ ಬಂದು ಮಾರ್ಕೆಟ್ ಯಾರ್ಡಿನಲ್ಲಿ ಮೂಟೆ ಹೊತ್ತು, ಆಮೇಲೆ ಸೈಕಲ್ ಕೆಲಸ ಕಲಿತು, ಪಾಲಿಕೆಯಿಂದ ಲೈಸೆನ್ಸ್ ಪಡೆದು ಫುಟ್‌ಪಾತಿನ ಮೇಲೆ ಟಪರಿ ಇಟ್ಟಿದ್ದ. ಆ ಲೈಸೆನ್ಸಿಗೆ ಕಟ್ಟು ಹಾಕಿಸಿ ಮೈಲಾರಲಿಂಗನ ಫೋಟೋದ ಪಕ್ಕಕ್ಕೇ ತೂಗುಹಾಕಿ ದಿನವೂ ಇಬ್ಬರಿಗೂ ಊದುಬತ್ತಿ ಬೆಳಗುತ್ತಿದ್ದ. ನಾನು ನಗುತ್ತಿದ್ದೆ. “ನಗಬ್ಯಾಡ ತಂಗಿ. ದೇವರು ಹೊಟ್ಟಿ ಕೊಟ್ಟಾನ, ಪಾಲಿಕಿ ಜಾಗಾ ಕೊಟ್ಟದ” ಅನ್ನುತ್ತಿದ್ದ.

ಆಗಿನ ಪುಣೆ ಬೇರೆಯೇ. ಈಗಿನ ಹುಡುಗರಿಗೆ ಹೇಳಿದರೆ ಅಜ್ಜಿ ಕತೆ ಕಟ್ಟುತ್ತಿದ್ದಾಳೆ ಅನ್ನುತ್ತಾರೆ. ಬೆಳಗಾದರೆ ಕಾರ್ಖಾನೆಯವರು, ಆಫೀಸಿನವರು, ಕಾಲೇಜಿನ ಹುಡುಗಿಯರು, ಪಂಚೆ ಕಟ್ಟಿದ ಮುದುಕರು, ಎಲ್ಲರೂ ಸೈಕಲ್ಲಿನ ಮೇಲೆ. ಸಂಜೆ ಪಾಳಿ ಬಿಟ್ಟಾಗ ರಸ್ತೆ ತುಂಬ ಬರೀ ಗಂಟೆಯ ಸದ್ದು. ಹೊಗೆ ಅಂದರೆ ನಮಗೆ ಒಲೆಯ ಹೊಗೆ, ಅಷ್ಟೇ. ಗಿರಣಿಯ ಬಾಗಿಲಲ್ಲಿ ನಿಂತರೆ ಪರ್ವತಿ ಗುಡ್ಡದ ಮೇಲಿನ ದೇವಸ್ಥಾನ ಸ್ವಚ್ಛವಾಗಿ ಕಾಣುತ್ತಿತ್ತು. ಈಗ ಮಳೆ ಬಂದು ಹೋದ ಮೇಲೆ ಮಾತ್ರ ಕಾಣುತ್ತದೆ. ನೆನೆದರೆ ಹೊಟ್ಟೆ ಉರಿಯುತ್ತದೆ.

ಖಂಡೇನವಮಿಯ ದಿನ ಅಣ್ಣನ ಟಪರಿಯ ಮುಂದೆ ಜಾತ್ರೆ. ನಟ್ಟು ತಿರುಗಿಸುವ ಪಾನಾ, ಪಂಪು, ಸುತ್ತಿಗೆ ಎಲ್ಲ ತೊಳೆದು ಹಸಿರು ಬಟ್ಟೆಯ ಮೇಲೆ ಸಾಲಾಗಿ ಇಟ್ಟು ಪೂಜೆ ಮಾಡುತ್ತಿದ್ದ. ಓಣಿಯ ಸೈಕಲ್ಲುಗಳೆಲ್ಲ ಚೆಂಡುಹೂವಿನ ಹಾರ ಹಾಕಿಸಿಕೊಳ್ಳಲು ಬಂದು ನಿಲ್ಲುತ್ತಿದ್ದವು. ಚಂಪಾ ಷಷ್ಠಿಗೆ ಗೆಳೆಯರನ್ನು ಕಟ್ಟಿಕೊಂಡು ಮೈಲಾರಲಿಂಗನ ಜೇಜುರಿಗೆ ಸೈಕಲ್ಲಿನ ಮೇಲೇ ಹೋಗುತ್ತಿದ್ದ. ಘಾಟು ಹತ್ತುವಾಗ ಇಳಿದು ತಳ್ಳುತ್ತಾರಂತೆ, “ಏಳಕೋಟಿ” ಎಂದು ಕೂಗುತ್ತಾರಂತೆ. ತಿರುಗಿ ಬರುವಾಗ ಮೀಸೆ, ಅಂಗಿ, ಸೈಕಲ್ಲು ಎಲ್ಲ ದೇವರ ಭಂಡಾರದ ಅರಿಶಿನದಿಂದ ಹಳದಿ. ಸ್ನಾನಕ್ಕೂ ಮುಂಚೆ ಅಂಗಡಿಯಲ್ಲಿ ನಿಂತಿದ್ದ ಗಿರಾಕಿಗಳ ಸೈಕಲ್ಲಿಗೆಲ್ಲ ಒಂದೊಂದು ಚಿಟಿಕೆ ಹಚ್ಚುತ್ತಿದ್ದ. ಒಂದು ವರ್ಷ ನನ್ನ ಗಿರಣಿಯ ಪಟ್ಟಿಗೂ ಹಚ್ಚಲು ಬಂದು, ಪಟ್ಟಿ ತಿರುಗುತ್ತಿದ್ದಾಗಲೇ ಕೈ ಚಾಚಿ, ನನ್ನಿಂದ ಬಾಯಿಗೆ ಬಂದಂತೆ ಬೈಸಿಕೊಂಡ. ಆಮೇಲೆ ಪ್ರತಿ ವರ್ಷ ಮೊದಲು ದೂರದಿಂದಲೇ ಕೂಗುತ್ತಿದ್ದ, “ತಂಗೀ, ಗಿರಣಿ ಬಂದ್ ಮಾಡು, ದೇವರು ಬಂದಾನ!”

ಗಾಲಿಯ ಔಟು ತೆಗೆಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಔಟು ಅಂದರೆ ಗಾಲಿಯ ಸೊಟ್ಟ. ಕಡ್ಡಿಗಳನ್ನು ಒಂದೊಂದಾಗಿ ಬಿಗಿ ಮಾಡುತ್ತ, ಸಡಿಲ ಮಾಡುತ್ತ, ಗಾಲಿಯನ್ನು ತಿರುಗಿಸಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಚೂರು ಅಲುಗಾಡಿದರೂ ಗಿರಾಕಿಗೆ ಕೊಡುತ್ತಿರಲಿಲ್ಲ. “ವಾಕಡಾ ನಕೋ” ಅಂತ ತನಗೆ ತಾನೇ ಮರಾಠಿಯಲ್ಲಿ ಅಂದುಕೊಳ್ಳುತ್ತಿದ್ದ. ಸೊಟ್ಟ ಬೇಡ ಅಂತ. ಅವಸರದ ಗಿರಾಕಿಗಳು ಹಲ್ಲು ಕಡಿಯುತ್ತ ನಿಂತಿರುತ್ತಿದ್ದರು.

ಬರಬರುತ್ತ ಸೈಕಲ್ಲು ಹೋಯಿತು, ಸ್ಕೂಟರ್ ಬಂತು. ಅಕ್ಕಪಕ್ಕದ ಸೈಕಲ್ ಅಂಗಡಿಯವರೆಲ್ಲ ಮೋಟರ್‌ಸೈಕಲ್ ರಿಪೇರಿಗೆ ತಿರುಗಿಕೊಂಡರು. ಇವನು ತಿರುಗಲಿಲ್ಲ. ಶಾಲೆಯ ಮಕ್ಕಳು, ಹಾಲು ಹಾಕುವವರು, ಪೇಪರ್ ಹಾಕುವವರು, ಇಷ್ಟು ಮಂದಿಯಲ್ಲಿ ಸಂಸಾರ ಸಾಗಿಸಿದ. ಮಗ ಶಿವರಾಜನನ್ನು ಓದಿಸಿದ. ಮಗ ದೌಂಡದಲ್ಲಿ ರೈಲ್ವೆ ನೌಕರಿ ಹಿಡಿದ. ಅಣ್ಣನ ದಿನಗಳು ಹೀಗೇ ಕಳೆದುಹೋಗುತ್ತಿದ್ದವೋ ಏನೋ, ಪುಟ್ಟಿ ಬೀಳದೆ ಇದ್ದಿದ್ದರೆ.

ಪುಟ್ಟಿ ನಮ್ಮ ಎದುರಿನ ಸೊಸೈಟಿಯ ಹುಡುಗಿ. ಅಪ್ಪ ಶ್ರೀನಾಥ್, ಮೈಸೂರಿನ ಕಡೆಯವರು, ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಅವಳಿಗೆ ಸೈಕಲ್ ಕಲಿಸಿದವನೇ ಅಣ್ಣ. ಹಿಂದೆ ಹಿಡಿದುಕೊಂಡು ಓಡುತ್ತ, ಕೈ ಬಿಟ್ಟು, ಬಿಟ್ಟಿಲ್ಲ ಎಂದು ಸುಳ್ಳು ಹೇಳುತ್ತ ಕಲಿಸಿದ. ಆಗಷ್ಟೇ ನಮ್ಮ ರಸ್ತೆಗೆ ಯಾರೋ ಗುತ್ತಿಗೆದಾರ ಒಂದು ಸೈಕಲ್ ಹಾದಿ ಮಾಡಿ ಹೋಗಿದ್ದ. ಹಾದಿಯೋ ಅದು! ಅಡ್ಡ ಬಂದ ಪಾನ್ ಅಂಗಡಿಗೆ ಒಂದು ಸುತ್ತು, ಕರೆಂಟಿನ ಡಬ್ಬಿಗೆ ಒಂದು ಸುತ್ತು, ಗಣಪತಿ ಮಂಡಳದ ಶೆಡ್ಡಿಗೆ ಒಂದು ಸುತ್ತು. ಯಾರ ಮನಸ್ಸೂ ನೋಯಬಾರದು ಎಂದು ಎಲ್ಲರಿಗೂ ಬಳಸಿಕೊಂಡು ಹೋಗಿತ್ತು. ಅಣ್ಣನ ಟಪರಿಗೂ ಒಂದು ಸುತ್ತು ಹಾಕಿತ್ತು, ಮುಚ್ಚಿಡುವುದೇಕೆ. ಆ ಶೆಡ್ಡಿನ ತಿರುವಿನಲ್ಲಿ ಹಾದಿ ಹಿಡಿದೇ ಹೋದ ಪುಟ್ಟಿ ನೇರ ರಸ್ತೆಗೆ ಬಂದಳು. ಹಿಂದಿನಿಂದ ಟೆಂಪೋ ಬಂತು. ಕಾಲು ಮುರಿಯಿತು, ಜೀವ ಉಳಿಯಿತು.

ಟಪರಿಯಿಂದ ಓಡಿಹೋಗಿ ಎತ್ತಿಕೊಂಡವನು ಅಣ್ಣನೇ. ಆಸ್ಪತ್ರೆಯಲ್ಲಿ ಆ ಕೂಸು ನೋವಿನಲ್ಲೂ, “ತಾತಾ, ನಾನು ಲೈನ್ ಬಿಟ್ಟು ಹೋಗ್ಲಿಲ್ಲ, ಪ್ರಾಮಿಸ್” ಅಂದಳಂತೆ. ಅಣ್ಣ ಮನೆಗೆ ಬಂದು ಊಟ ಮಾಡಲಿಲ್ಲ. ಗಿರಣಿಯ ಕಟ್ಟೆಯ ಮೇಲೆ ಕುಳಿತು ಹೇಳಿದ, “ಕೂಸಿನ ತಪ್ಪಿಲ್ಲ ತಂಗಿ. ಹಾದೀನs ಸೊಟ್ಟ ಅದ.”

ಅಂದಿನಿಂದ ಅವನಿಗೆ ಮೊಹಲ್ಲಾ ಸಮಿತಿಯ ಹುಚ್ಚು ಹಿಡಿಯಿತು. ವಾರ್ಡ್ ಆಫೀಸಿನಲ್ಲಿ ತಿಂಗಳಿಗೊಮ್ಮೆ ಓಣಿಯ ಮಂದಿಯನ್ನು ಕೂರಿಸಿಕೊಂಡು ಅಧಿಕಾರಿಗಳು ಅಹವಾಲು ಕೇಳುತ್ತಾರಲ್ಲ, ಆ ಸಭೆ. ಎಲ್ಲರೂ ನೀರು, ಗಟಾರ, ನಾಯಿ ಎಂದು ಕೂಗಾಡುತ್ತಿದ್ದರೆ ಇವನು ಹಿಂದಿನ ಕುರ್ಚಿಯಿಂದ ಎದ್ದು ಒಂದೇ ಮಾತು: “ಸಾಯಕಲ್ ರಸ್ತಾ ವಾಕಡಾ ನಕೋ, ಸಾಹೇಬ.” ಅಲ್ಲಿಯ ಗುಮಾಸ್ತರು ಅವನಿಗೆ ‘ವಾಕಡಾ ನಕೋ’ ಎಂದೇ ಹೆಸರಿಟ್ಟರು. ಬಾಗಿಲಲ್ಲಿ ಕಂಡ ಕೂಡಲೇ ನಗು. ನನಗೆ ಕೇಳಿ ಮೈ ಉರಿಯಿತು.

“ಯಾಕ ಹೋಗ್ತೀ ಅಣ್ಣಾ, ನಗಸಾಟ ಆಗಾಕ?” ಅಂದೆ.

“ನಗಲಿ ಬಿಡು. ದಿಲ್ಲಿಗೆ ಹೋಗಿ ನಾ ಯಾರ್ನ ಕೇಳ್ಲಿ? ಮುಂಬಯಿಗೆ ಹೋದರ ಗೇಟಿನಾಗ ನಿಂದರಸ್ತಾರ. ವಾರ್ಡ್ ಆಫೀಸಿಗೆ ಆದರ ನಡಕೊಂತ ಹೋಗಬಹುದು, ಕೂಡು ಅಂತ ಕುರ್ಚಿ ಕೊಡ್ತಾರ. ಇಷ್ಟು ಹೊಗಿ ಕುಡ್ಯಾಕತ್ತೀವಿ, ಕೂಸುಗೋಳು ಸಾಯಕಲ್ ಬಿಟ್ಟು ಅಪ್ಪನ ಗಾಡಿ ಹಿಂದ ಕೂಡತಾವ. ಇದನ್ನ ಇಲ್ಲೇ ಸುಧಾರಿಸಬೇಕವ್ವ. ಮ್ಯಾಲಿನವರು ಬಂದು ನಮ್ಮ ಓಣಿ ನೆಟ್ಟಗ ಮಾಡ್ತಾರೇನು?”

ವರ್ಷಗಟ್ಟಲೆ ಹೋದ. ಅಧಿಕಾರಿಗಳು ಬದಲಾದರು, ಇವನ ಮಾತು ಬದಲಾಗಲಿಲ್ಲ. ಕೊನೆಗೆ ಹೊಸ ಇಂಜಿನಿಯರ್ ಬಂದಳು. ಸ್ನೇಹಲ್ ಅಂತ, ಸೊಲ್ಲಾಪುರದ ಹುಡುಗಿ, ಮನೆಯಲ್ಲಿ ಕನ್ನಡ. ಅವಳು ನಗಲಿಲ್ಲ. ಹಾದಿಯನ್ನು ಹೊಸದಾಗಿ ಮಾಡಲು ಮಂಜೂರಿ ತಂದಳು. ಪಾನ್ ಅಂಗಡಿಗೆ, ಶೆಡ್ಡಿಗೆ ಬೇರೆ ಜಾಗ ತೋರಿಸಿದಳು. ಒಂದು ಬೆಳಿಗ್ಗೆ ಹಗ್ಗ ಹಿಡಿಸಿ, ಶಾಲೆಯ ಗೇಟಿನಿಂದ ಆಲದ ಮರದ ತನಕ ಸುಣ್ಣದ ಗೆರೆ ಎಳೆಸಿದಳು. ಗೆರೆ ನೆಟ್ಟಗೆ ಬಂದು ಶಿವಪುತ್ರಪ್ಪಣ್ಣನ ಟಪರಿಯ ನಡುಮಧ್ಯಕ್ಕೆ ಹೊಕ್ಕಿತು.

ಅಯ್ಯ ಶಿವನೇ, ಆ ಹುಡುಗಿಯ ಮುಖ ನೋಡಬೇಕಿತ್ತು. ನಕ್ಷೆಯಲ್ಲಿ ಅದು ಬರೀ ಒಂದು ಚೌಕಟ್ಟು, ಅದು ಇವನದೇ ಟಪರಿ ಎಂದು ಅವಳಿಗೆ ಆಗಲೇ ತಿಳಿದದ್ದು.

ಓಣಿಯವರೆಲ್ಲ ಸೇರಿದರು. ನಾನೂ ಸೆರಗು ಕಟ್ಟಿ ನಿಂತೆ. ಒಬ್ಬ ಮುದುಕನ ಅಂಗಡಿ ಎತ್ತಿಸಿ ಯಾರಿಗೆ ಬೇಕು ಈ ಹಾದಿ? ನಾವು ಅಷ್ಟು ಮಂದಿ ಕೂಗಿದ್ದಕ್ಕೆ ಸ್ನೇಹಲ್ ತಾನೇ ಹೇಳಿದಳು, “ಕಾಕಾ, ನಿಮ್ಮದೊಂದಕ್ಕ ಸ್ವಲ್ಪ ವಳಸ್ತೀನ್ರಿ. ಉಳಿದದ್ದೆಲ್ಲಾ ನೆಟ್ಟಗ ಇರ್ತದ. ಯಾರೂ ಏನೂ ಅನ್ನೂದಿಲ್ಲ.”

ಎಲ್ಲರೂ ಹೌದು ಹೌದು ಎಂದರು. ಭೀಮವ್ವ ವೈನಿ ಕೈ ಮುಗಿದಳು. ಅಣ್ಣ ಟಪರಿಯಿಂದ ಹೊರಗೆ ಬಂದು ಆ ಗೆರೆಯ ತುದಿಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತ. ಗಾಲಿ ನೋಡುವ ಹಾಗೆ ಒಂದು ಕಣ್ಣು ಕಿರಿದು ಮಾಡಿ ಗೆರೆಯನ್ನು ಮರದ ತನಕ ನೋಡಿದ. ಬಹಳ ಹೊತ್ತು ನೋಡಿದ.

“ವಾಕಡಾ ನಕೋ, ಬಾಯಿಸಾಹೇಬರ” ಅಂದ. “ನಂದೊಂದು ವಳಸಿದರ ನಾಳಿ ಪಾನಿನವ ಕೇಳ್ತಾನ. ಅಂವಗ ಏನ್ ಹೇಳ್ತೀರಿ?”

“ನಮ್ಮ ಹೊಟ್ಟಿಗೇನ್ ತಿನ್ನೂದು?” ವೈನಿ ಎಲ್ಲರೆದುರೇ ಕೂಗಿದಳು. “ಲೋಕಕ್ಕೆಲ್ಲಾ ನ್ಯಾಯ ಹೇಳ್ತೀರಿ, ಹೆಂಡತೀನ ಒಂದ್ ಮಾತ್ ಕೇಳಿದ್ರೇನು?”

ಅಣ್ಣ ತಲೆ ಎತ್ತಲಿಲ್ಲ. “ಖಂಡೇನವಮಿ ತನಕ ಬಿಡ್ರಿ ಬಾಯಿಸಾಹೇಬರ. ಸಾಮಾನ ಪೂಜಾ ಇಲ್ಲೇ ಆಗಲಿ. ಮರುದಿನಾ ನಾನs ತಗೀತೀನಿ” ಅಂದ.

ಆ ಪೂಜೆಯನ್ನು ನಾನು ಮರೆಯಲಾರೆ. ಹಸಿರು ಬಟ್ಟೆ ಹಾಸಿದ, ಪಾನಾ ಪಂಪು ಇಟ್ಟ, ಹೂವು ಏರಿಸಿದ. ಆಮೇಲೆ ಜೇಜುರಿಯ ಭಂಡಾರದ ಡಬ್ಬಿ ತೆಗೆದುಕೊಂಡು ಹೊರಗೆ ಬಂದು, ಸುಣ್ಣದ ಗೆರೆಯ ಮೇಲೆ ಹೆಜ್ಜೆ ಹೆಜ್ಜೆಗೂ ಚಿಟಿಕೆ ಬಿಡುತ್ತ ಶಾಲೆಯ ಗೇಟಿನ ತನಕ ನಡೆದ. ಸಾಮಾನಿಗೆ ಹಚ್ಚಿದ ಹಾಗೆಯೇ ಹಾದಿಗೂ ಹಚ್ಚಿದ. ನಾನು ಗಿರಣಿ ಬಂದ್ ಮಾಡಿ ಒಳಗೆ ಹೋಗಿ ಅತ್ತೆ. ವೈನಿ ಅಳಲೂ ಇಲ್ಲ, ಆವತ್ತು ಹೋಳಿಗೆಯನ್ನೂ ಮಾಡಲಿಲ್ಲ.

ಮರುದಿನ ತಗಡುಗಳನ್ನು ತಾನೇ ಬಿಚ್ಚಿದ. ಪಾಲಿಕೆಯವರು ದೂರದ ಏರಿನ ಮೇಲೆ ಹೊಸ ಮಳಿಗೆ ಕೊಟ್ಟರು. ನೆರಳಿತ್ತು, ನಲ್ಲಿ ಇತ್ತು, ಗಿರಾಕಿ ಇರಲಿಲ್ಲ. ಪಂಚರ್ ಆದ ಸೈಕಲ್ಲನ್ನು ಅಷ್ಟು ಏರು ಹತ್ತಿಸಿ ಯಾರು ತಳ್ಳಿಕೊಂಡು ಹೋಗುತ್ತಾರೆ? ಹಾದಿ ತೆರೆದ ದಿನ ಮಾತ್ರ ಬಂದಿದ್ದ. ಹಾರ ತುರಾಯಿ ಎಲ್ಲ ಬೇರೆಯವರಿಗೆ. ಇವನು ಗೇಟಿನಿಂದ ಸೈಕಲ್ ಹತ್ತಿ, ಹಿಂದೆ ಮಕ್ಕಳ ಹಿಂಡು ಕಟ್ಟಿಕೊಂಡು, ಮರದ ತನಕ ಹೋದ. ನಾನು ಚಹಾ ಹಿಡಿದುಕೊಂಡು ಗಿರಣಿಯ ಮುಂದೆ ನಿಂತಿದ್ದೆ, ಟಪರಿಯ ಜಾಗಕ್ಕೆ ಬಂದಾಗ ನಿಲ್ಲುತ್ತಾನೆ ಎಂದು. ಗಂಟೆ ಬಾರಿಸಿ ನಕ್ಕ. ಬ್ರೇಕ್ ಹಿಡಿಯಲಿಲ್ಲ.

ಸ್ವಲ್ಪ ದಿನ ನೋಡಿ, ಮಳಿಗೆ ಬಿಟ್ಟು ಇಬ್ಬರೂ ದೌಂಡಕ್ಕೆ ಮಗನ ಮನೆಗೆ ಹೋದರು. ಹೋದ ಶ್ರಾವಣದಲ್ಲಿ ಅಣ್ಣ ಅಲ್ಲೇ ತೀರಿಕೊಂಡ.

ಫಲಕದ ಮಾತು ತೆಗೆದವನು ಅಭಿಲಾಷ. ನಮ್ಮ ಓಣಿಯ ಕಂಬಕಂಬಕ್ಕೂ ‘ಭಾವೀ ನಗರಸೇವಕ’, ಅಂದರೆ ನಾಳಿನ ಕಾರ್ಪೊರೇಟರ್, ಎಂದು ಫೋಟೋ ಹಾಕಿಸಿಕೊಂಡ ಹುಡುಗ. ಭಾವೀ, ಭಾವೀ ಎನ್ನುತ್ತಲೇ ತಲೆಗೂದಲು ಅರ್ಧ ಉದುರಿದೆ. ಕೆಟ್ಟವನಲ್ಲ. ಚಿಕ್ಕವನಿದ್ದಾಗ ಅಣ್ಣನ ಟಪರಿಯಲ್ಲಿ ಬಾಡಿಗೆ ಸೈಕಲ್ ತೆಗೆದುಕೊಂಡು ಹೇಳಿದ ಹೊತ್ತಿಗೆ ಎಂದೂ ತಿರುಗಿ ತಂದವನಲ್ಲ, ಆದರೂ ಅಣ್ಣನ ಮೇಲೆ ಪ್ರೀತಿ ಇತ್ತು. “ಮಾವಶಿ, ಅವರು ತ್ಯಾಗ ಮಾಡಿದ ಜಾಗದಲ್ಲೇ ಸ್ಮಾರಕ ಆಗಬೇಕು. ಹಾದಿ ಅದನ್ನ ಸುತ್ತಿಕೊಂಡು ಹೋಗಲಿ, ಎಷ್ಟು ಚೆಂದ ಕಾಣುತ್ತದೆ!” ಎಂದು ಮರಾಠಿಯಲ್ಲಿ ಹೇಳಿದ.

ಸುತ್ತಿಕೊಂಡು ಹೋಗಲಿ! ನನ್ನ ತಲೆ ಚಿಟ್ಟು ಹಿಡಿಯಿತು. ಇವರಿಗೆಲ್ಲ ಬುದ್ಧಿ ಎಲ್ಲಿ ಹೋಗಿದೆ? ಬೇಡ ಎಂದೆ, ಗಟ್ಟಿಯಾಗಿ ಎಂದೆ. ಸುದ್ದಿ ದೌಂಡಕ್ಕೆ ಮುಟ್ಟಿತು. ಭೀಮವ್ವ ವೈನಿ ಫೋನ್ ಮಾಡಿದಳು.

“ರುದ್ರವ್ವಾ, ನಿಂಗ ನಾ ಏನ್ ಮಾಡೀನ? ಅಂಗಡಿ ಹೋತು, ಮನಷ್ಯಾನೂ ಹೋದ. ಒಂದು ಹೆಸರರೆ ನಿಂದರ್ಲಿ ಅಂದರ ಅದಕ್ಕೂ ಕಲ್ಲ ಹಾಕ್ತೀಯಾ?”

“ವೈನೀ, ನನ್ನ ಮಾತ್ ಕೇಳ್ರಿ…” ಅನ್ನುವಷ್ಟರಲ್ಲಿ ಫೋನ್ ಇಟ್ಟಳು. ಆ ದಿನ ಒಬ್ಬರ ಗೋಧಿಗೆ ಇನ್ನೊಬ್ಬರ ಜೋಳ ಕೂಡಿಸಿ ಬೀಸಿಬಿಟ್ಟೆ.

ವಿಷಯ ಮೊಹಲ್ಲಾ ಸಮಿತಿಗೆ ಬಂತು. ಆ ಸಭೆಯ ಮೆಟ್ಟಿಲು ನಾನು ಎಂದೂ ಹತ್ತಿದವಳಲ್ಲ. ಅಣ್ಣ ಕರೆದಾಗಲೆಲ್ಲ ಗಿರಣಿ ಯಾರು ನೋಡುತ್ತಾರೆ ಅನ್ನುತ್ತಿದ್ದೆ. ಈ ಸಲ ಹೋದೆ. ಪುಟ್ಟಿ ಈಗ ಕಾಲೇಜಿಗೆ ಹೋಗುವ ಹುಡುಗಿ. “ನಾನೂ ಬರ್ತೀನಿ ಆಂಟಿ” ಎಂದು ಸೈಕಲ್ ತಳ್ಳಿಕೊಂಡು ನನ್ನ ಜೊತೆ ನಡೆದು ಬಂದಳು. ಸಭೆಯಲ್ಲಿ ನೋಡುತ್ತೇನೆ, ಮುಂದಿನ ಸಾಲಿನಲ್ಲೇ ಭೀಮವ್ವ ವೈನಿ. ಬೆಳಗಿನ ರೈಲಿಗೆ ಬಂದಿದ್ದಳು. ನನ್ನನ್ನು ನೋಡಿ ಸೆರಗು ಎಳೆದುಕೊಂಡು ಆಚೆ ತಿರುಗಿದಳು.

ಅಭಿಲಾಷ ಚೆನ್ನಾಗಿ ಮಾತಾಡಿದ. ಚಪ್ಪಾಳೆ ಬಿತ್ತು. ಸ್ನೇಹಲ್ ಮಾತ್ರ ನಕ್ಷೆಯ ಮೇಲೆ ಕಣ್ಣಿಟ್ಟು ಕುಳಿತಿದ್ದಳು. “ಯಾರದಾದರೂ ತಕರಾರು ಇದೆಯೇ?” ಎಂದು ಮರಾಠಿಯಲ್ಲಿ ಕೇಳಿದಳು.

ನಾನು ಎದ್ದು ನಿಂತೆ. ಮನೆಯಲ್ಲಿ ಎಷ್ಟೆಲ್ಲ ಜೋಡಿಸಿಕೊಂಡು ಬಂದಿದ್ದೆ: ಟೆಂಪೋದ ಮಾತು, ಹೊಗೆಯ ಮಾತು, ಪಾನ್ ಅಂಗಡಿಯ ಮಾತು. ವೈನಿಯ ಕುಂಕುಮವಿಲ್ಲದ ಹಣೆ ಕಂಡಿತು. ಎಲ್ಲ ಮರೆತುಹೋಯಿತು. ಊರಿಗೆಲ್ಲ ಬಾಯಿ ಮಾಡುವ ನನ್ನಿಂದ ಕೊನೆಗೆ ಹೊರಗೆ ಬಂದದ್ದು ಅಣ್ಣನ ಮಾತೇ.

“ವಾಕಡಾ ನಕೋ, ಬಾಯಿಸಾಹೇಬ.”

ಯಾರೂ ನಗಲಿಲ್ಲ. ಹಿಂದೆ ನಗುತ್ತಿದ್ದ ಗುಮಾಸ್ತ ಕಿಟಕಿಯ ಕಡೆ ನೋಡಿದ. ಪುಟ್ಟಿ ನನ್ನ ಕೈ ಹಿಡಿದುಕೊಂಡಳು.

ಆಗ ಭೀಮವ್ವ ವೈನಿ ಮೆಲ್ಲಗೆ ಎದ್ದಳು. ಅವಳ ಮರಾಠಿ ಅಷ್ಟಕ್ಕಷ್ಟೇ. ಕನ್ನಡದಲ್ಲೇ ಹೇಳಿದಳು, ಸ್ನೇಹಲ್ ಉಳಿದವರಿಗೆ ತಿಳಿಸಿದಳು.

“ಬ್ಯಾಡ್ರಿ ಬಾಯಾರ. ನನಗ ಆಸೆ ಭಾಳ ಇತ್ತು. ಆದರ ಜೀವಂತ ಇದ್ದಾಗ ಬಿಟ್ಟುಕೊಟ್ಟ ಜಾಗಾನ ಸತ್ತ ಮ್ಯಾಲ ಹಿಡಕೊಂಡು ಕೂಡು ಮನಷ್ಯಾ ಅಲ್ಲ ಅಂವ. ಖಾಲಿ ಬಿಡ್ರಿ.”

ಸಭೆ ಮುಗಿದ ಮೇಲೆ ನಾನೂ ವೈನಿಯೂ ಜೊತೆಗೇ ನಡೆದು ಬಂದೆವು. ಶಾಲೆ ಬಿಡುವ ಹೊತ್ತು. ಗಿರಣಿಯ ಮುಂದೆ ಬಂದಾಗ ವೈನಿ ಸೆರಗಿನ ಗಂಟು ಬಿಚ್ಚಿ ಒಂದು ಚಿಟಿಕೆ ಭಂಡಾರ ತೆಗೆದು ಹಾದಿಯ ಮೇಲೆ ಬಿಟ್ಟಳು. ಹುಡುಗರ ಸೈಕಲ್ಲುಗಳು ಅದರ ಮೇಲೇ ಹಾದುಹೋದವು.

“ಸಿಟ್ಟು ಹೋತೇನ್ರಿ ವೈನಿ?” ಅಂದೆ.

“ಹೋಗಿಲ್ಲ. ಚಹಾ ಕುಡಸು, ಆಮ್ಯಾಲ ನೋಡೂಣು” ಅಂದಳು.

ನಾನು ಒಳಗೆ ಹೋಗಿ ಚಹಾಕ್ಕೆ ಇಟ್ಟೆ. ಹೊರಗೆ ಸ್ಕೂಟರಿನ ಸದ್ದು ಕೇಳಿ ಬಾಗಿಲಿಗೆ ಬಂದೆ. ಯಾವನೋ ಹಿಟ್ಟಿನ ಡಬ್ಬಿ ಹಿಡಿದು ಬಂದವನು ಗಾಡಿಯನ್ನು ಸೀದಾ ಸೈಕಲ್ ಹಾದಿಯ ಮೇಲೆ ನಿಲ್ಲಿಸುತ್ತಿದ್ದ. ದಿನವೂ ಇಂಥವರನ್ನು ಬೈಯುವುದು ಈಗ ನನ್ನ ಕೆಲಸ. ಬಾಯಿ ತೆರೆಯಬೇಕು, ಅಷ್ಟರಲ್ಲಿ ಕಟ್ಟೆಯ ಮೇಲೆ ಕುಳಿತಿದ್ದ ಭೀಮವ್ವ ವೈನಿ ಎದ್ದು ನಿಂತಿದ್ದಳು.

“ಏ ತಮ್ಮಾ, ಗಾಡಿ ತಗೀ ಅಲ್ಲಿಂದ” ಅಂದಳು. “ಅಲ್ಲೆ ನಮ್ಮ ಮನಿಯವರ ಅಂಗಡಿ ಅದ.”

ಆ ಹುಡುಗ ಖಾಲಿ ಜಾಗವನ್ನು ಒಮ್ಮೆ ನೋಡಿದ, ಅವಳ ಮುಖವನ್ನು ಒಮ್ಮೆ ನೋಡಿದ. ಏನೂ ಕೇಳದೆ ಗಾಡಿ ತೆಗೆದ.